ಭಾಳ ಸೀರಿಯಸ್ ಐತಿ, ಲಗೂನ ಬರ್ರಿ

ನಮ್ಮ ಕಡೆ ಫೋನಿನಲ್ಲಿ ಯಾರೂ ಸಾಯುವುದಿಲ್ಲ. ಎಲ್ಲರೂ ಸೀರಿಯಸ್ ಆಗುತ್ತಾರೆ, ಅಷ್ಟೇ. ಉಸಿರು ನಿಂತು, ಹಣೆಗೆ ವಿಭೂತಿ ಬಳಿದು, ಗೋಡೆಗೆ ಆನಿಸಿ ಕೂಡ್ರಿಸಿದ ಮೇಲೂ ದೂರದ ಊರಿನ ಮಗಳಿಗೆ ಹೋಗುವ ಸುದ್ದಿ ಒಂದೇ: "ಭಾಳ ಸೀರಿಯಸ್ ಐತಿ, ಲಗೂನ ಬರ್ರಿ." ಇದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಅದೊಂದು ರೂಢಿ, ಮೊದಲಿನಿಂದ ನಡೆದು ಬಂದದ್ದು. ನಾನು ಗದಗ-ಬೆಟಗೇರಿಯ ಒಂದು ಆಸ್ಪತ್ರೆಯಲ್ಲಿ ರೋಗಿಗಳನ್ನು ಕರೆತಂದು ಬಿಡುವ ಗಾಡಿಗಳ ಜವಾಬ್ದಾರಿ ನೋಡುವವಳು. ಈ ರೂಢಿ ನನ್ನ ಕೆಲಸಕ್ಕೆ ಎಷ್ಟು ಅಡ್ಡ ಬರುತ್ತದೆ ಎಂಬುದು ಮೊದಲ ಬೇಸಿಗೆಯಲ್ಲೇ ತಿಳಿಯಿತು.

ಆಗ ಅಂತೂರ ಬೆಂತೂರ ಕಡೆಯಿಂದ ಗಾಳಿಮಳೆಯ ನಡುವೆ ಒಂದು ಕರೆ ಬಂದಿತ್ತು. ಇದ್ದ ಒಂದೇ ಆಂಬುಲೆನ್ಸ್ ಕಳಿಸಿದೆ. ಹೋಗಿ ನೋಡಿದರೆ ಮುಂಜಾನೆಯೇ ತೀರಿಕೊಂಡ ಮುದುಕ. ಕರೆ ಮಾಡಿದ ಪಕ್ಕದ ಮನೆಯವನ ಬಾಯಲ್ಲಿ ಆ ಮಾತು ಹೊರಟಿರಲಿಲ್ಲ, ನನಗೂ ನೇರವಾಗಿ ಕೇಳಲು ಬಂದಿರಲಿಲ್ಲ. ಮನೆಗೆ ಬಂದು ಹೇಳಿದಾಗ ನಮ್ಮತ್ತೆ ನಕ್ಕುಬಿಟ್ಟರು. "ಉಸಿರು ಐತೇನು ಅಂತ ಯಾರರ ಕೇಳ್ತಾರೇನವ್ವ? ಚಾ ಆತೇನು ಅಂತ ಕೇಳಬೇಕು" ಎಂದರು. ಸಾವಾದ ಮನೆಯಲ್ಲಿ ಮಣ್ಣು ಮಾಡಿ ಬರುವವರೆಗೆ ಒಲೆ ಹಚ್ಚುವುದಿಲ್ಲ. ಒಲೆ ಹೊತ್ತಿದ್ದರೆ ಜೀವ ಇದೆ, ಇಲ್ಲದಿದ್ದರೆ ಇಲ್ಲ. ಅಂದಿನಿಂದ ನಾನೂ ಹಾಗೇ ಕೇಳತೊಡಗಿದೆ.

ಮುಂಗಾರು ಮರ್ಯಾದಸ್ಥ ಮಳೆ. ಹೇಳಿ ಬರುತ್ತದೆ, ಬಂದು ನೆಟ್ಟಗೆ ಸುರಿದು ಹೋಗುತ್ತದೆ. ಅದಕ್ಕೂ ಮುಂಚಿನ ಮೇ ತಿಂಗಳ ಗಾಳಿಮಳೆಯದು ಬೇರೆಯೇ ಸ್ವಭಾವ. ಮಧ್ಯಾಹ್ನದವರೆಗೆ ನೆಲ ಕಾದು ಹಂಚಾಗಿರುತ್ತದೆ. ಇಳಿಹೊತ್ತಿಗೆ ಕಪ್ಪತಗುಡ್ಡದ ಮೇಲೆ ಮೋಡ ಕೂತಿತೋ, ತಗಡು ಹಾರುತ್ತವೆ, ಬೇವಿನ ಮರಗಳು ರಸ್ತೆಗೆ ಅಡ್ಡ ಬೀಳುತ್ತವೆ, ಕರೆಂಟಿನ ಕಂಬಗಳು ಮಲಗುತ್ತವೆ. ಗುಡ್ಡದ ನೀರೆಲ್ಲ ಹಳ್ಳಕ್ಕೆ ಇಳಿಯುತ್ತದೆ. ನಿಮ್ಮೂರಲ್ಲಿ ಹನಿ ಬಿದ್ದಿರುವುದಿಲ್ಲ, ಊರ ಮುಂದಿನ ಹಳ್ಳ ಸೇತುವೆ ಮೇಲೆ ಹರಿಯುತ್ತಿರುತ್ತದೆ.

ನಮ್ಮಲ್ಲಿ ಬರುವವರು ಹೆಚ್ಚಿನವರು ಡಯಾಲಿಸಿಸ್ ರೋಗಿಗಳು. ಕಿಡ್ನಿ ಕೈಕೊಟ್ಟವರು. ವಾರಕ್ಕೆ ಮೂರು ಸಲ ಯಂತ್ರಕ್ಕೆ ಹಚ್ಚಿ ರಕ್ತ ಸ್ವಚ್ಛ ಮಾಡಿಸಿಕೊಳ್ಳದಿದ್ದರೆ ಮೈಯಲ್ಲಿ ನೀರೂ ವಿಷವೂ ತುಂಬುತ್ತವೆ. ಮಳೆ ಬಂತೆಂದು ರಕ್ತ ಕಾಯುವುದಿಲ್ಲ. ಹೀಗಾಗಿ ಏಪ್ರಿಲ್ ಮುಗಿಯುವುದರೊಳಗೆ ನಾನು ಸರದಿಗಳನ್ನೆಲ್ಲ ತಿರುವಿ ಹಾಕುತ್ತಿದ್ದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ದೂರದವರಿಗೆ ಬೆಳಗಿನ ಪಾಳಿ, ಮೋಡ ಏಳುವುದರೊಳಗೆ ಅವರು ಮನೆ ಸೇರಬೇಕು. ಹಿರೇಹಂದಿಗೋಳದಂಥ ಹತ್ತಿರದ ಊರುಗಳವರಿಗೆ ಮಧ್ಯಾಹ್ನದ ಪಾಳಿ. ಜನರೇಟರಿಗೆ ಡೀಸೆಲ್ ತುಂಬಿಸುವುದು, ಯಂತ್ರಕ್ಕೆ ಬೇಕಾದ ಶುದ್ಧ ನೀರಿನ ಟ್ಯಾಂಕು ಭರ್ತಿ ಇಡುವುದು, ಪ್ರತಿ ಗಾಡಿಗೂ ಕೊಡಲಿ, ಗರಗಸ, ಹಗ್ಗ. ಗಾಡಿ ತಪ್ಪಿದ ದಿನ ನೀರನ್ನು ಲೋಟದಲ್ಲಿ ಅಳೆದು ಕುಡಿಯಿರಿ, ಮಾವಿನಹಣ್ಣು ಮುಟ್ಟಬೇಡಿ ಎಂದು ಒಬ್ಬೊಬ್ಬರಿಗೂ ಹೇಳುವುದು. ಮಾವಿನ ಕಾಲದಲ್ಲಿ ಈ ಮಾತು ಹೇಳಿ ನಾನು ಎಷ್ಟು ಜನರ ಕಣ್ಣಲ್ಲಿ ಖಳನಾಯಕಿಯಾಗಿದ್ದೇನೋ ದೇವರಿಗೇ ಗೊತ್ತು.

ತಂಟೆ ಮಾಡುವ ಹಳ್ಳಗಳ ದಂಡೆಯಲ್ಲಿ ಒಬ್ಬೊಬ್ಬ ಚಹಾದಂಗಡಿಯವನನ್ನು ಗುರುತು ಮಾಡಿಕೊಂಡಿದ್ದೆ. ಮೊಬೈಲಿನ ಹವಾಮಾನದ ಆ್ಯಪ್ ಇಡೀ ಜಿಲ್ಲೆಗೆ ಒಂದೇ ಬಣ್ಣ ಬಳಿಯುತ್ತದೆ. ಚಹಾದಂಗಡಿಯವನು ಮಾತ್ರ ನೀರಿಗೆ ಇಳಿದು ನೋಡಿ "ಮೊಳಕಾಲ ಮಟಾ ಐತ್ರಿ" ಎಂದು ಹೇಳುತ್ತಾನೆ. ಇನ್ನು ನನ್ನ ದೊಡ್ಡ ನಿಯಮ, ಗುಡ್ಡದ ಮೇಲೆ ಮೋಡ ಕೂತ ಮೇಲೆ ಯಾವ ಗಾಡಿಯೂ ಗದಗ ಬಿಡುವಂತಿಲ್ಲ. ಯಾರೇ ಆಗಲಿ, ಆಸ್ಪತ್ರೆಯ ಹಿಂದಿನ ದೊಡ್ಡ ಹಾಲ್‌ನಲ್ಲಿ ಮಲಗಬೇಕು. ಈ ನಿಯಮಕ್ಕಾಗಿ ಬೈಸಿಕೊಂಡಿದ್ದೇನೆ, ಆದರೆ ಒಂದು ವರ್ಷದ ಒಂದು ದಿನ ಬಿಟ್ಟರೆ ಅದನ್ನು ಸಡಿಲಿಸಿದವಳಲ್ಲ.

ಆ ವರ್ಷ ನಮ್ಮ ಬೆಳಗಿನ ಪಾಳಿಯಲ್ಲಿ ಶಿರಹಟ್ಟಿ ಹತ್ತಿರದ ಹಳ್ಳಿಯಿಂದ ಬರುವ ಒಬ್ಬ ಹೆಣ್ಣುಮಗಳಿದ್ದಳು. ಮನೆಯಲ್ಲೇ ಮಷೀನು ಇಟ್ಟುಕೊಂಡು ಊರವರ ಜಂಪರು ಹೊಲಿಯುತ್ತಿದ್ದಳು. ಎಲ್ಲರ ಬಟ್ಟೆಯ ಮೇಲೂ ಅವಳ ಕಣ್ಣು. "ಅಕ್ಕಾರ, ನಿಮ್ಮ ತೋಳು ಬಿಗಿ ಆಗ್ಯಾವ್ರಿ, ಬಿಚ್ಚಿ ಕೊಡ್ರಿ, ಸಡ್ಲ ಮಾಡ್ತೀನಿ" ಎಂದು ಯಂತ್ರದ ಮೇಲೆ ಮಲಗಿಕೊಂಡೇ ನನ್ನ ಕಾಲೆಳೆಯುತ್ತಿದ್ದಳು. ಅವಳ ತವರು ಮುಂಡರಗಿ ಆಚೆ, ಕೊರ್ಲಹಳ್ಳಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ಹೊರಳಿ ಒಂದು ಹಳ್ಳ ದಾಟಿದರೆ ಸಿಗುವ ಸಣ್ಣ ಊರು. ಅಲ್ಲಿ ಅವಳ ಅಪ್ಪ ಇದ್ದರು. ವಯಸ್ಸಾಗಿತ್ತು, ದಮ್ಮು ಇತ್ತು.

ಮೇ ತಿಂಗಳ ನಡುವೆ ಒಂದು ಸರದಿಯ ದಿನ ರಸ್ತೆಗೆ ಮರ ಬಿದ್ದು ನಮ್ಮ ಗಾಡಿ ಅವಳ ಊರು ಮುಟ್ಟಲಿಲ್ಲ. ಒಂದು ಡಯಾಲಿಸಿಸ್ ತಪ್ಪಿತು. ಮುಂದಿನ ಸರದಿಗೆ ಅವಳನ್ನು ಮೊದಲ ಯಂತ್ರಕ್ಕೇ ಹಚ್ಚಬೇಕೆಂದು ಎಲ್ಲ ಸಿದ್ಧ ಮಾಡಿಟ್ಟಿದ್ದೆವು. ಅವತ್ತು ಗಾಡಿ ಇನ್ನೂ ದಾರಿಯಲ್ಲಿರುವಾಗಲೇ ಡ್ರೈವರ್ ಫೋನ್ ಮಾಡಿದ.

"ಮೇಡಮ್ಮಾರ, ಈಕಿ ಅಳಾಕತ್ತಾಳ್ರಿ. ಅಪ್ಪಗ ಸೀರಿಯಸ್ ಐತಿ ಅಂತ ಅಣ್ಣನ ಫೋನ್ ಬಂತಂತ. ಗದಗ ಬಸ್‌ಸ್ಟ್ಯಾಂಡಿನ್ಯಾಗ ಇಳಸು, ಮುಂಡರಗಿ ಬಸ್ ಹಿಡಿತೀನಿ ಅಂತಾಳ."

"ಎಲ್ಲೂ ಇಳಸಬ್ಯಾಡ. ಸೀದಾ ಇಲ್ಲಿಗೆ ತಾ" ಎಂದೆ.

ಅವಳ ಅಣ್ಣನ ನಂಬರು ನಮ್ಮಲ್ಲಿತ್ತು. ಕರೆ ಮಾಡಿದೆ. ಹಿಂದೆ ಹೆಂಗಸರ ದನಿಗಳು ಕೇಳುತ್ತಿದ್ದವು.

"ಅಣ್ಣಾರ, ಆಸ್ಪತ್ರಿಯಿಂದ ಮಾತಾಡಾಕತ್ತೀನ್ರಿ. ಹಿರ್ಯಾರು ಹೆಂಗದಾರ್ರಿ?"

"ಭಾಳ ಸೀರಿಯಸ್ ಐತ್ರಿ. ತಂಗೀನ ಸೀದಾ ಇಲ್ಲಿಗೆ ಕಳಿಸಿಬಿಡ್ರಿ. ಮಷೀನು ಗಿಷೀನು ನಾಳಿ ನೋಡೂಣು."

"ಹಂಗಾರ ಹಿರ್ಯಾರಿಗೆ ನಮ್ಮ ಆಂಬುಲೆನ್ಸ್ ಕಳಸ್ಲೇನ್ರಿ?"

"ಬ್ಯಾಡ್ರಿ" ಎಂದ ತಡಮಾಡದೆ.

"ಮನ್ಯಾಗ ಚಾ ಆತೇನ್ರಿ?"

ಹಿಂದಿನ ದನಿಗಳು ದೂರವಾದವು, ಅವನು ಹೊರಗೆ ಬಂದಂತಿತ್ತು. ಆಮೇಲೆ ದನಿ ತಗ್ಗಿಸಿ ಹೇಳಿದ, "ಇಲ್ರಿ. ಒಲಿ ಹಚ್ಚಿಲ್ಲ." ಹಿರಿಯರು ರಾತ್ರಿಯೇ ಹೋಗಿದ್ದರು. ಅಳಿಯ, ಅಂದರೆ ಅವಳ ಗಂಡ, ಬೈಕಿನ ಮೇಲೆ ಆಗಲೇ ಬಂದು ಮುಟ್ಟಿದ್ದ. ಹೆಂಡತಿಗೆ ಅವನೂ ಏನೂ ಹೇಳಿರಲಿಲ್ಲ. "ಆಕಿಗೆ ಹೇಳಬ್ಯಾಡ್ರಿ. ದಾರ್ಯಾಗ ಏನರ ಮಾಡ್ಕೊಂಡಾಳು. ಇಲ್ಲಿ ಬಂದು ನೋಡ್ಲಿ" ಎಂದ.

ನಾನು ಡಾಕ್ಟರ ಹತ್ತಿರ ಹೋದೆ. ಅವರು ಅವಳ ಹಿಂದಿನ ವರದಿ ನೋಡಿ ಬೇಡವೆಂದು ತಲೆ ಅಲ್ಲಾಡಿಸಿದರು. ಒಂದು ಸರದಿ ತಪ್ಪಿದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿರುತ್ತದೆ, ಇವತ್ತೂ ತಪ್ಪಿಸಿ ಆ ಹಳ್ಳದಾಚೆ ಸಿಕ್ಕಿಕೊಂಡರೆ ನಿಂತಲ್ಲೇ ಎದೆ ನಿಂತೀತು ಎಂದರು. "ನೀವು ಏನರ ಹೇಳ್ರಿ, ಹೆಂಗರ ಹೇಳ್ರಿ. ಆಕಿ ಮಷೀನಿನ ಮ್ಯಾಲ ಇರಬೇಕು." ಯಂತ್ರ ನಡೆಸುವ ಟೆಕ್ನಿಷಿಯನ್ ಉಪಾಯ ಹೇಳಿದ. "ಅಪ್ಪಗ ಅರಾಮ ಆಗೈತಿ, ಗಾಬರಿ ಆಗೂದು ಬ್ಯಾಡ ಅಂತ ಅಂದ್ಬಿಡ್ರಿ. ಮುಗುದ ಮ್ಯಾಲ ನೋಡಿದ್ರಾತು."

ಅದು ನನ್ನ ಕೈಲಿ ಆಗಲಿಲ್ಲ. ಸತ್ತವರನ್ನು ಸೀರಿಯಸ್ ಅನ್ನುವುದಕ್ಕೆ ನಮ್ಮಲ್ಲಿ ದಾರಿ ಇದೆ. ಅರಾಮ ಅನ್ನುವುದಕ್ಕೆ ಇಲ್ಲ. ನಗುನಗುತ್ತಾ ಯಂತ್ರದಿಂದ ಇಳಿದು ಮನೆಗೆ ಹೋಗಿ, ಬಾಗಿಲಲ್ಲಿ ಅಳು ಕೇಳಿಸಿಕೊಳ್ಳುವ ಮಗಳು ಕಣ್ಣ ಮುಂದೆ ಬಂದಳು. ಹಾಗಾದರೆ ಸೀರಿಯಸ್ ಎಂದೇ ಬಿಡಲೇ? ಅದನ್ನು ಕೇಳಿದವಳು ನಿಲ್ಲುವುದಿಲ್ಲ. ಯೋಚಿಸುತ್ತ ಯೋಚಿಸುತ್ತ ಒಂದು ವಿಚಿತ್ರ ಮಾತು ಹೊಳೆಯಿತು. ಬದುಕಿರುವ ಅಪ್ಪ ಮಗಳಿಗಾಗಿ ನಾಲ್ಕು ತಾಸು ಕಾಯಲಾರ, ಸತ್ತ ಅಪ್ಪ ಕಾಯುತ್ತಾನೆ. ಮಗಳು ಬರದೆ ಯಾರೂ ಮಣ್ಣಿಗೆ ಎತ್ತುವುದಿಲ್ಲ. ಖರೆ ಹೇಳಿದರೆ ಮಾತ್ರ ಅವಳಿಗೆ ಯಂತ್ರದ ಮೇಲೆ ಮಲಗಲು ಪುರುಸೊತ್ತು ಸಿಗುತ್ತದೆ.

ಗಾಡಿ ಬಂತು. ಅವಳು ಒಳಗೆ ಬರಲಿಲ್ಲ. ಗೇಟಿನಲ್ಲೇ ಚೀಲ ಎದೆಗೆ ಅವಚಿಕೊಂಡು ನಿಂತಿದ್ದಳು. ಕಾಲು ಬಾತು ಚಪ್ಪಲಿಯ ಪಟ್ಟಿ ಮಾಂಸದೊಳಗೆ ಕೂತಿತ್ತು. ಎರಡು ಮಾತಿಗೊಮ್ಮೆ ಉಸಿರು ಹಿಡಿಯುತ್ತಿತ್ತು.

"ಬೈಬ್ಯಾಡ್ರಿ ಅಕ್ಕಾರ. ಅಪ್ಪನ ಜೀವ ಇರೂದ್ರಾಗ ಬಾಯಾಗ ಒಂದೀಟು ನೀರು ಬಿಟ್ಟು ಬರ್ತೀನಿ. ನಾಳಿ ಮುಂಜಾನಿ ಖರೆನ ಇಲ್ಲಿರ್ತೀನಿ."

"ಕುಂಡ್ರು ತಂಗಿ."

"ಕುಂಡ್ರಾಕ ಹೊತ್ತಿಲ್ರಿ."

"ಹೊತ್ತೈತಿ" ಎಂದೆ. "ಅಪ್ಪಾರು ರಾತ್ರಿನ ಹೋಗ್ಯಾರವ್ವ."

ಅವಳು ತಕ್ಷಣ ಅಳಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತ ನಿಂತಳು. "ಹಂಗನಬಾರದ್ರಿ ಅಕ್ಕಾರ" ಎಂದಳು ಮೆಲ್ಲಗೆ, ಸಣ್ಣ ಹುಡುಗರು ಅಪಶಕುನದ ಮಾತಾಡಿದರೆ ತಿದ್ದುವ ಹಾಗೆ. ನಾನು ಇನ್ನೊಮ್ಮೆ ಹೇಳಬೇಕಾಯಿತು. ಮೊದಲನೆಯ ಸಲಕ್ಕಿಂತ ಎರಡನೆಯ ಸಲ ಹೇಳುವುದು ಕಷ್ಟವಾಯಿತು. ಆಮೇಲೆ ಲೆಕ್ಕ ವಿವರಿಸಿದೆ: ಈಗ ಯಂತ್ರ, ಮುಗಿದ ಕೂಡಲೇ ನಮ್ಮದೇ ಗಾಡಿ, ನಾನೇ ಜೊತೆಗೆ, ಮಣ್ಣಿಗೆ ಮೊದಲು ಅಪ್ಪನ ಮುಂದೆ ಇಳಿಸುತ್ತೇನೆ. ಅವಳು ಕೇಳಿದಳೋ ಇಲ್ಲವೋ, ನಾನು ಕೈ ಹಿಡಿದಾಗ ಸುಮ್ಮನೆ ಹಿಂದೆ ಬಂದಳು.

ಆ ನಾಲ್ಕು ತಾಸು ನಾನು ಮರೆಯಲಾರೆ. ನಮ್ಮ ಹೆಣ್ಣುಮಕ್ಕಳು ಸತ್ತವರನ್ನು ನೆನೆಸಿ ಹಾಡಿಕೊಂಡು ಅಳುತ್ತಾರೆ. ಎದೆ ಬಡಿದುಕೊಂಡು, ಹೆಣದ ಗಲ್ಲ ಸವರಿ. ಅವಳ ಎಡಗೈಗೆ ಎರಡು ದಪ್ಪ ಸೂಜಿ ಚುಚ್ಚಿ ಪಟ್ಟಿ ಹಚ್ಚಿತ್ತು. ಕೈ ಎತ್ತಿದರೆ ಯಂತ್ರ ಕೂಗುತ್ತಿತ್ತು. "ಯಪ್ಪಾ, ನನ್ನ ಜಾತ್ರಿಗೆ ಕರಿಯಾಕ ಬರಾಂವ ಯಾರೋ ಯಪ್ಪಾ" ಎಂದು ಅವಳು ಶುರು ಮಾಡುವುದು, ಕೈ ತಾನಾಗಿ ಎದೆಗೆ ಏಳುವುದು, ಯಂತ್ರ ಕೀ ಎಂದು ಕೂಗುವುದು, ಟೆಕ್ನಿಷಿಯನ್ ಓಡಿ ಬಂದು ಕೈ ಒತ್ತಿ ಹಿಡಿಯುವುದು. "ಅಳಬ್ಯಾಡ್ರಿ, ಬಿಪಿ ಇಳೀತೈತಿ" ಎನ್ನುತ್ತಿದ್ದ, ಪಾಪ ಅವನಿಗೂ ಬೇರೆ ಮಾತು ಗೊತ್ತಿರಲಿಲ್ಲ. ಕೊನೆಗೆ ಅವಳು ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಅಳತೊಡಗಿದಳು. ಸುತ್ತಲಿನ ಹಾಸಿಗೆಗಳ ರೋಗಿಗಳು ಮುಖ ಗೋಡೆಗೆ ತಿರುಗಿಸಿಕೊಂಡಿದ್ದರು.

ನಡುವೆ ಅವಳ ಅಣ್ಣನಿಗೆ ಫೋನ್ ಮಾಡಿ ತಿಳಿಸಿದೆ. ಅವನು ಕೆಂಡವಾದ.

"ಹೇಳೇಬಿಟ್ರ್ಯಾ? ಎಂಥಾ ಹೆಂಗಸ್ರಿ ನೀವು! ನಿಮ್ಮ ಮನ್ಯಾಗ ಹಿಂಗ ಹೇಳ್ತಾರೇನು?"

"ನಾಕ ತಾಸು ಕೊಡ್ರಿ ಅಣ್ಣಾರ. ನಾನ ಕರ್ಕೊಂಡು ಬರ್ತೀನಿ."

ಅವನು ಮನೆಯವರನ್ನು ಕೇಳಿ ಬಂದು ಹೇಳಿದ, "ಕಾಯ್ತೀವಿ ಬರ್ರಿ. ಆಕಿ ಬರೂಮಟಾ ಎತ್ತಂಗಿಲ್ಲ."

ಸೂಜಿ ತೆಗೆದು, ರಕ್ತ ನಿಲ್ಲುವವರೆಗೆ ಒತ್ತಿ ಹಿಡಿದು, ಪಟ್ಟಿ ಕಟ್ಟಿ ಹೊರಗೆ ಬಂದಾಗ ಸೆಕೆ ಹಬೆಯಂತೆ ಕವಿದಿತ್ತು. ಗಾಡಿಯ ಹತ್ತಿರ ಡ್ರೈವರ್ ದಕ್ಷಿಣಕ್ಕೆ ಕೈ ತೋರಿಸಿದ. ಕಪ್ಪತಗುಡ್ಡ ಕಾಣುತ್ತಿರಲಿಲ್ಲ, ಅದರ ಜಾಗದಲ್ಲಿ ಕಪ್ಪು ಗೋಡೆ ಎದ್ದಿತ್ತು. ಬೆಳಗಿನ ಪಾಳಿಯ ಉಳಿದವರನ್ನು ಆಗಲೇ ಹಾಲ್‌ನಲ್ಲಿ ಮಲಗಿಸಲು ಹೇಳಿದ್ದೆ.

"ಮೇಡಮ್ಮಾರ, ನೀವ ಹಾಕಿದ ರೂಲ್ ರೀ ಅದು."

"ಗೊತ್ತೈತೋ ಮಾರಾಯ. ಗಾಡಿ ತಗಿ."

ಡಂಬಳ ಮುಟ್ಟುವುದರೊಳಗೆ ಗಾಳಿ ಗಾಡಿಯನ್ನು ಪಕ್ಕಕ್ಕೆ ತಳ್ಳತೊಡಗಿತು. ಮಣ್ಣು, ಒಣ ಎಲೆ, ಆಮೇಲೆ ಆಣೆಕಲ್ಲಿನ ಮಳೆ. ಡಂಬಳ ದಾಟಿ ಸ್ವಲ್ಪ ಮುಂದೆ ದೊಡ್ಡ ಬೇವು ರಸ್ತೆಗೆ ಅಡ್ಡ ಮಲಗಿತ್ತು. ಡ್ರೈವರ್ ಗರಗಸ ತೆಗೆದ. ಎದುರಿನಿಂದ ಬಂದ ಟಂಟಂ ಗಾಡಿಯವರೂ ಇಳಿದು ಕೈಹಚ್ಚಿದರು. ಕೊಂಬೆ ಕಡಿದು, ಹಗ್ಗ ಕಟ್ಟಿ ಎಳೆದು, ಒಂದು ಗಾಡಿ ನುಸುಳುವಷ್ಟು ಜಾಗ ಮಾಡುವಲ್ಲಿ ಬಹಳ ಹೊತ್ತು ಹೋಯಿತು. ನಾನು ಮಳೆಯಲ್ಲಿ ನಿಂತು ಹಳ್ಳದ ಚಹಾದಂಗಡಿಯವನಿಗೆ ಫೋನ್ ಹಚ್ಚಿದೆ. "ಮೊಳಕಾಲ ಮಟಾ ಐತ್ರಿ, ಬರ್ರಿ" ಎಂದ. ಮುಂಡರಗಿ ದಾಟುವಾಗ ಮತ್ತೆ ಕೇಳಿದೆ. "ನಡಾ ಮಟಾ ಬಂದೈತ್ರಿ, ಏರಾಕತ್ತೈತಿ" ಎಂದ. ಅವಳು ಹಿಂದಿನ ಸೀಟಿನಲ್ಲಿ ಎಲ್ಲವನ್ನೂ ಕೇಳುತ್ತಿದ್ದಳು.

ನಾವು ಮುಟ್ಟಿದಾಗ ಮಳೆ ಹನಿಗೆ ಇಳಿದಿತ್ತು. ತಗ್ಗಿನ ಸೇತುವೆ ಇದ್ದ ಕಡೆ ಕೆಂಪು ನೀರು ಜಾಲಿಮರಗಳನ್ನು ಬುಡಸಹಿತ ಹೊತ್ತು ಓಡುತ್ತಿತ್ತು. ಆಚೆ ದಂಡೆಗೆ ಒಂದು ಕೂಗಳತೆ ದೂರ. ಡ್ರೈವರ್ ಕೆಳಗಿಳಿದು ನೋಡಿ ಬಂದು ತಲೆ ಅಲ್ಲಾಡಿಸಿದ.

ಅಣ್ಣನ ಫೋನ್ ಬಂತು. ಈಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಕುಣ್ಯಾಗ ನೀರು ತುಂಬಾಕತ್ತೈತ್ರಿ. ಮ್ಯಾಲ ಮತ್ತ ಮೋಡ ಏರೈತಿ. ರಾತ್ರಿಯಿಂದ ಈ ಸೆಕಿಯೊಳಗ ಇಟ್ಟೀವಿ, ಊರ ಹಿರ್ಯಾರು ಇನ್ನ ಇಡೂದು ಬ್ಯಾಡ ಅನ್ನಾಕತ್ತಾರ. ಅಪ್ಪನ್ನ ದಂಡಿಗೆ ಕರ್ಕೊಂಡು ಬರ್ತೀವಿ. ಅಲ್ಲಿಂದನ ಮಾರಿ ನೋಡ್ಲಿ."

ಅವನು "ತರ್ತೀವಿ" ಅನ್ನಲಿಲ್ಲ. "ಕರ್ಕೊಂಡು ಬರ್ತೀವಿ" ಎಂದ.

ಟ್ರ್ಯಾಕ್ಟರ್ ಬಂತು. ಟ್ರೇಲರಿನ ನಡುವೆ ಕುರ್ಚಿಯಲ್ಲಿ ಅಪ್ಪ ಕೂತಿದ್ದರು. ನಮ್ಮಲ್ಲಿ ಹಿರಿಯರನ್ನು ಕೂಡ್ರಿಸಿಯೇ ಮಣ್ಣಿಗೆ ಒಯ್ಯುತ್ತಾರೆ. ಬಿಳಿ ಧೋತರ, ತಲೆಗೆ ರುಮಾಲು. ಹೂವಿನ ಮಾಲೆಗಳನ್ನು ಗಾಳಿ ಕಿತ್ತುಕೊಂಡಿತ್ತೇನೋ, ಒಂದೂ ಕಾಣಲಿಲ್ಲ. ಅಣ್ಣ ಹಿಂದೆ ನಿಂತು ಅವರ ನೆತ್ತಿಯ ಮೇಲೆ ಕಪ್ಪು ಛತ್ರಿ ಹಿಡಿದಿದ್ದ, ತಾನು ನೆನೆಯುತ್ತಿದ್ದ. ಭಜನೆಯವರು ಹಾಡುತ್ತಿದ್ದಿರಬೇಕು, ಬಾಯಿ ಆಡುತ್ತಿದ್ದವು. ನೀರಿನ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ. ಟ್ರ್ಯಾಕ್ಟರನ್ನು ನಮ್ಮ ಕ‌ಡೆ ಮುಖ ಮಾಡಿ ನಿಲ್ಲಿಸಿದರು. ಆ ದೂರದಿಂದ ನೋಡಿದರೆ ಒಬ್ಬ ಹಿರಿಯರು ಮಳೆ ನಿಲ್ಲಲಿ ಎಂದು ಕೂತು ನಮ್ಮನ್ನೇ ನೋಡುತ್ತಿದ್ದಂತಿತ್ತು. ನನಗೆ ಹೆದರಿಕೆಯಾಯಿತು. ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ.

ಅವಳು ನೀರಿನ ಅಂಚಿನವರೆಗೆ ಹೋದಳು. ಡ್ರೈವರ್ ಅವಳ ಸೆರಗನ್ನು ಹಿಡಿದುಕೊಂಡೇ ನಿಂತ. "ಯಪ್ಪಾ" ಎಂದು ಒಮ್ಮೆ ಕೂಗಿದಳು. ಅದೇ ಹೊತ್ತಿಗೆ ಟ್ರ್ಯಾಕ್ಟರ್ ಕೆಸರಿನಲ್ಲಿ ಸ್ವಲ್ಪ ಜಾರಿ ಜಗ್ಗಿತು. ಅಪ್ಪನ ತಲೆ ಮುಂದಕ್ಕೆ ಬಾಗಿ ಮತ್ತೆ ಎದ್ದಿತು, ಹೂಂ ಎಂದ ಹಾಗೆ. ನಾನು ಅವಳ ಮುಖ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ.

ಅವಳು ಬಗ್ಗಿ ಈಚೆ ದಂಡೆಯ ಒಂದು ಹಿಡಿ ಮಣ್ಣು ತೆಗೆದು ನೀರಿಗೆ ಬಿಟ್ಟಳು. ಮಗಳು ಹಾಕಬೇಕಾದ ಮಣ್ಣು. ಟ್ರ್ಯಾಕ್ಟರ್ ಹೊರಳಿತು. ಕುರ್ಚಿಯ ಬೆನ್ನು, ರುಮಾಲು, ಛತ್ರಿ ಜಾಲಿಗಿಡಗಳ ಹಿಂದೆ ಮರೆಯಾಗುವವರೆಗೆ ನಿಂತಿದ್ದೆವು. ಅವಳನ್ನು ಮುಂಡರಗಿಯಲ್ಲಿ ಚಿಕ್ಕಮ್ಮನ ಮನೆಗೆ ಬಿಟ್ಟು ನಾವು ಗದಗಕ್ಕೆ ಮರಳಿದೆವು.

ಹಳ್ಳ ಮರುದಿನ ಮಧ್ಯಾಹ್ನ ಇಳಿಯಿತು. ಇದನ್ನು ನಾನು ಯಾರನ್ನೂ ಕೇಳದಿದ್ದರೆ ಚೆನ್ನಾಗಿತ್ತು, ಆದರೆ ಚಹಾದಂಗಡಿಯವನಿಗೆ ಫೋನ್ ಮಾಡಿ ಕೇಳಿದೆ. ಅಂದರೆ ಅವಳು ಆ ಬೆಳಿಗ್ಗೆ ಬಸ್ಸು ಹತ್ತಿದ್ದರೆ ಅಪ್ಪನ ಗಲ್ಲ ಸವರುತ್ತಿದ್ದಳು, ಮಣ್ಣು ಕೊಡುತ್ತಿದ್ದಳು, ಮರುದಿನ ಮಧ್ಯಾಹ್ನ ಹಳ್ಳ ದಾಟಿ ನಮ್ಮಲ್ಲಿಗೆ ಬರಬಹುದಿತ್ತು. ಬದುಕಿ ಬರುತ್ತಿದ್ದಳೇ? ಡಾಕ್ಟರು ಇಲ್ಲ ಎನ್ನುತ್ತಾರೆ. ಯಂತ್ರಕ್ಕೆ ಹಚ್ಚುವ ಮೊದಲು ತೆಗೆದ ರಕ್ತದ ವರದಿ ತೋರಿಸಿ, ನೀವು ಮಾಡಿದ್ದೇ ಸರಿ, ಇದರ ಮೇಲೆ ಚರ್ಚೆಯೇ ಇಲ್ಲ ಎನ್ನುತ್ತಾರೆ. ನಾನು ಅವರ ಮಾತನ್ನು ನಂಬುತ್ತೇನೆ. ಆದರೂ ಮೇ ತಿಂಗಳಲ್ಲಿ ಯಾವ ಹಳ್ಳದ ಹತ್ತಿರ ಗಾಡಿ ನಿಂತರೂ ಮೊದಲು ನನ್ನ ಕಣ್ಣು ಹೋಗುವುದು ಆಚೆ ದಂಡೆಗೆ. ಅಲ್ಲಿ ಛತ್ರಿ ಕೆಳಗೆ ಯಾರೋ ಕೂತಿರುತ್ತಾರೆ. ದನ ಕಾಯುವವರೋ, ಬಸ್ಸಿಗೆ ಕಾಯುವವರೋ. ಅವರು ಎದ್ದು ಓಡಾಡುವವರೆಗೆ ನಾನು ಉಸಿರು ಬಿಡುವುದಿಲ್ಲ.

ಅವಳು ಸರದಿ ತಪ್ಪಿಸದೆ ಬರುತ್ತಿದ್ದಾಳೆ. ಮೊದಮೊದಲು ನನ್ನ ಜೊತೆ ಮಾತಾಡುತ್ತಿರಲಿಲ್ಲ, ನಾನೂ ಹತ್ತಿರ ಹೋಗುತ್ತಿರಲಿಲ್ಲ. ಮುಂಗಾರು ಹಿಡಿದ ಮೇಲೆ ಒಂದು ಬೆಳಿಗ್ಗೆ ಯಂತ್ರದ ಮೇಲಿಂದಲೇ ಕೈಸನ್ನೆ ಮಾಡಿ ಕರೆದಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಒಳ್ಳೆಯದಾಗುತ್ತಿತ್ತು. ಅವಳ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ.

"ಒಂದು ಮಾತು ಅಕ್ಕಾರ. ಸಿಟ್ಟಾಗಬ್ಯಾಡ್ರಿ. ಅವತ್ತು ನೀವು ಹೇಳಿರಲಿಲ್ಲಂದ್ರ, ಆ ದಂಡ್ಯಾಗ ನಿಂತು ನೋಡಿದಾಗ ನಾ ಏನ ತಿಳಕೊಳ್ತಿದ್ನಿ ಗೊತ್ತೈತೇನ್ರಿ? ಅಪ್ಪ ಎದ್ದು ಕುಂತಾನ, ಅಣ್ಣ ಛತ್ರಿ ಹಿಡಿದು ನನ್ನ ನೋಡಾಕ ಕರ್ಕೊಂಡು ಬಂದಾನ ಅಂತ ತಿಳಕೊಂಡು, ಸಮಾಧಾನದಿಂದ ಕೈ ಮಾಡಿ ಹೊಳ್ಳಿ ಹೋಗ್ತಿದ್ನಿ."